ಏಳುಕೊಳ್ಳದ ಎಲ್ಲಮ್ಮನ ಗುಡ್ಡ

ಬೆಳಗಾವಿ ಜಿಲ್ಲೆಯ ಸವದತ್ತಿಯ ಸಮೀಪ, ಮಲಪ್ರಭೆಯ ಸೀಮೆಯಲ್ಲಿರುವ ಗುಡ್ಡದ ಮೇಲೆ ರೇಣುಕಾ ಎಲ್ಲಮ್ಮ ನೆಲೆಸಿದ್ದಾಳೆ. ಸುತ್ತಣ ಕಣಿವೆಗಳಿಂದಾಗಿ ಆಕೆಗೆ ಏಳುಕೊಳ್ಳದ ಎಲ್ಲಮ್ಮನೆಂಬ ಹೆಸರು. ಜತ್ತ, ಅಕ್ಕಲಕೋಟೆ, ಸೊಲ್ಲಾಪುರಗಳ ಕನ್ನಡಿಗರಾದ ನಮಗೆ ಈ ಗುಡ್ಡ ಪರರಾಜ್ಯದ ಕ್ಷೇತ್ರವೆಂದು ಎಂದೂ ತೋರಿಲ್ಲ. ಜತ್ತದಲ್ಲಿಯೇ ಎಲ್ಲಮ್ಮನ ಗುಡಿಯಿದೆ. ಮಾರ್ಗಶಿರದ ಜಾತ್ರೆ ಅಲ್ಲಿ ದನಗಳ ಸಂತೆಗೂ ಹೆಸರಾಗಿದೆ. ಆದರೂ ಮೂಲಸ್ಥಾನ ಗುಡ್ಡವೇ ಎಂಬ ಭಾವ ಇಲ್ಲಿಯ ಜನರದು.

ಸವದತ್ತಿಯ ಹಳೆಯ ಹೆಸರು ಸುಗಂಧವರ್ತಿ. ವೇಣುಗ್ರಾಮ, ಅಂದರೆ ಇಂದಿನ ಬೆಳಗಾವಿ, ರಾಜಧಾನಿಯಾಗುವ ಮುನ್ನ ರಟ್ಟ ಅರಸರು ಇಲ್ಲಿಂದಲೇ ಆಳಿದರು. ಪೃಥ್ವೀರಾಮನು ಜಿನಾಲಯ ಕಟ್ಟಿಸಿದ್ದನ್ನು ಹೇಳುವ ಶಾಸನದ ಕಾಲ ಶಕವರ್ಷ 797, ಕ್ರಿ.ಶ. 875. ಗುಡ್ಡದ ಈಗಿನ ಗುಡಿಯನ್ನು 1514ರಲ್ಲಿ ರಾಯಬಾಗದ ಬೊಮ್ಮಪ್ಪ ನಾಯಕನು ಕಟ್ಟಿಸಿದನೆಂಬುದು ಪ್ರತೀತಿ. ಕಲ್ಲಿನ ಚರಿತ್ರೆಯನ್ನು ಇಷ್ಟಕ್ಕೇ ಬಿಡೋಣ. ಈ ದೇವಿಯ ನಿಜವಾದ ಚರಿತ್ರೆಯನ್ನು ಕಾಪಾಡಿದವರು ಚೌಡಿಕೆ ಹಿಡಿದು ಊರೂರು ಹಾಡಿದ ಜೋಗತಿಯರು, ಜೋಗಪ್ಪಂದಿರು. ಅವರಿಗೆ ಯಾವ ಅರಸನೂ ಶಾಸನ ಹಾಕಿಸಲಿಲ್ಲ.

ಹಾಡಿನ ರೇಣುಕೆ ಜಮದಗ್ನಿಯ ಮಡದಿ. ಹಸಿ ಮರಳಿನ ಕೊಡ ಮಾಡಿ, ಹಾವನ್ನು ಸಿಂಬೆಯಾಗಿ ಸುತ್ತಿ, ಹೊಳೆಯಿಂದ ನೀರು ತರುತ್ತಿದ್ದವಳು. ಜಲಕ್ರೀಡೆಯಾಡುತ್ತಿದ್ದ ಗಂಧರ್ವರನ್ನು ಕಂಡು ಒಂದು ಕ್ಷಣ ಮನಸ್ಸು ಚಲಿಸಿತು, ಮರಳು ನಿಲ್ಲಲಿಲ್ಲ. ಗಂಡನ ಶಾಪದಿಂದ ರೋಗಿಯಾಗಿ ಅಲೆದವಳಿಗೆ ಎಕ್ಕಯ್ಯ ಜೋಗಯ್ಯರು ದಾರಿ ತೋರಿದರು. ಆಕೆ ಮಿಂದು ಗುಣವಾದ ಜೋಗುಳಬಾವಿಯಲ್ಲಿ ಇಂದಿಗೂ ಭಕ್ತರು ಸ್ನಾನ ಮಾಡಿ ಗುಡ್ಡ ಏರುತ್ತಾರೆ. ಮುಂದೆ ತಂದೆಯ ಆಣತಿಯಂತೆ ಮಗ ಪರಶುರಾಮನೇ ತಾಯಿಯ ತಲೆ ಕಡಿದ, ವರ ಬೇಡಿ ಅವನೇ ಬದುಕಿಸಿಕೊಂಡ. ಈ ಕಥೆ ಪುರಾಣದಲ್ಲಿಯೂ ಇದೆ. ಆದರೆ ಜನಪದರು ಅದಕ್ಕೆ ಮಾತಂಗಿಯನ್ನು ಸೇರಿಸಿದ್ದಾರೆ. ಆಪತ್ತಿನಲ್ಲಿ ರೇಣುಕೆಗೆ ಆಸರೆಯಾದವಳು ಕೆಳಜಾತಿಯ ಈ ಹೆಣ್ಣು. ಗುಡ್ಡದ ಮೇಲೆ ಅವಳಿಗೂ ಗುಡಿಯಿದೆ. ಊರಿನ ಗುಡಿಗಳ ಹೊಸ್ತಿಲು ದಾಟಲಾಗದಿದ್ದವರು ಎಲ್ಲಮ್ಮನನ್ನು ತಮ್ಮ ಅವ್ವ ಎಂದುಕೊಂಡದ್ದಕ್ಕೆ ಕಾರಣವನ್ನು ನಾವು ಇಲ್ಲಿಯೇ ಹುಡುಕಬೇಕು.

ದೇವಿಯ ವರ್ಷ ಹುಣ್ಣಿಮೆಗಳಿಂದ ನಡೆಯುತ್ತದೆ. ಕಾರ್ತವೀರ್ಯನು ಜಮದಗ್ನಿಯನ್ನು ಕೊಂದದ್ದರ ನೆನಪಾಗಿ ಮಾರ್ಗಶಿರದ ಹೊಸ್ತಿಲ ಹುಣ್ಣಿಮೆಯಂದು ದೇವಿಯ ಕಂಕಣ, ಮಂಗಳಸೂತ್ರಗಳನ್ನು ತೆಗೆಯುತ್ತಾರೆ. ಜನರ ಬಾಯಲ್ಲಿ ಅದು ರಂಡೆ ಹುಣ್ಣಿಮೆ. ಬನದ ಹುಣ್ಣಿಮೆ ಕಳೆದು, ಮಾಘದ ಭಾರತ ಹುಣ್ಣಿಮೆಯಂದು ಆಕೆ ಮತ್ತೆ ಮುತ್ತೈದೆ. ಗಂಡ ಸತ್ತವಳಿಗೆ ಬಳೆ ಮರಳಿ ಸಿಗದ ಸಮಾಜವೊಂದು ತನ್ನ ದೇವಿಗೆ ಮಾತ್ರ ವರ್ಷವರ್ಷವೂ ಬಳೆ ತೊಡಿಸುತ್ತ ಬಂದದ್ದು ಸಣ್ಣ ಸಂಗತಿಯಲ್ಲ. ಆ ದಿನಗಳಲ್ಲಿ ಭಂಡಾರದಿಂದ ಹಳದಿಯಾದ ದಾರಿ, ಪಡ್ಡಲಗಿ ತುಂಬುವ ಹೋಳಿಗೆ ಕಡಬು, ‘ಉಧೋ ಉಧೋ’ ಎಂಬ ಕೂಗು ಇವುಗಳ ನಡುವೆ ಕೊಲ್ಲಾಪುರದ ಮರಾಠಿಗರು ಯಾರು, ಕನ್ನಡಿಗರು ಯಾರು ಎಂದು ಬಿಡಿಸುವುದು ಕಷ್ಟ.

ಇದೇ ಗುಡ್ಡದ ಹೆಸರಿನಲ್ಲಿ ನಡೆದ ಅನ್ಯಾಯವನ್ನು ಮುಚ್ಚಿಟ್ಟು ಚರಿತ್ರೆ ಬರೆಯಲಾಗದು. ಬಡ, ದಲಿತ ಮನೆಗಳ ಎಳೆಯ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟಿ ದೇವದಾಸಿಯರನ್ನಾಗಿ ಬಿಡುವ ಪದ್ಧತಿ ತಲೆಮಾರುಗಳ ಕಾಲ ನಡೆಯಿತು. ಕೂದಲು ಜಡೆಗಟ್ಟಿದರೆ ದೇವಿಯ ಕರೆಯೆಂದರು, ಕಾಯಿಲೆಯಾದರೆ ಹರಕೆಯೆಂದರು. ಉಳ್ಳವರ ಮನೆಯ ಮಗಳಿಗೆ ಆ ಕರೆ ಬಂದದ್ದು ಅಪರೂಪ. ಮುಂಬಯಿ ಪ್ರಾಂತದ 1934ರ ಕಾಯ್ದೆ ಬ್ರಿಟಿಷ್ ಆಡಳಿತದ ನೆಲಕ್ಕೆ ಸಂಬಂಧಿಸಿದ್ದು. ಸವದತ್ತಿ ಅದರೊಳಗೆ ಬಂದಿತು. ಜತ್ತ, ಅಕ್ಕಲಕೋಟೆಗಳು ಆಗ ದೇಶೀ ಸಂಸ್ಥಾನಗಳು. 1948ರಲ್ಲಿ ಸಂಸ್ಥಾನಗಳು ವಿಲೀನವಾದ ಮೇಲೆ ಗುಡ್ಡವೂ ನಾವೂ ಒಂದೇ ಮುಂಬಯಿ ರಾಜ್ಯದಲ್ಲಿದ್ದೆವು. 1956ರ ನವೆಂಬರ್ 1ರಂದು ಗುಡ್ಡ ಮೈಸೂರು ರಾಜ್ಯಕ್ಕೆ ಹೋಯಿತು, ನಾವು ಉಳಿದೆವು. ಕಾನೂನುಗಳೂ ಬೇರೆಯಾದವು. ಕರ್ನಾಟಕ 1982ರಲ್ಲಿ ಸಮರ್ಪಣೆಯನ್ನು ನಿಷೇಧಿಸಿ ಹೊಸ ಕಾಯ್ದೆ ತಂದರೆ, ಮಹಾರಾಷ್ಟ್ರದ ಹೊಸ ಕಾಯ್ದೆ ಬಂದದ್ದು ಎರಡು ದಶಕಗಳ ಬಳಿಕ. ಗಡಿಗೆರೆಯನ್ನು ಲೆಕ್ಕಿಸದ ಪದ್ಧತಿಯನ್ನು ಗಡಿಯವರೆಗೆ ಮಾತ್ರ ನಡೆಯುವ ಕಾನೂನುಗಳು ಬೆನ್ನಟ್ಟಬೇಕಾಯಿತು.

ಮುತ್ತು ಕಟ್ಟುವುದು ನಿಲ್ಲಲೇಬೇಕು, ಹಾಡು ಉಳಿಯಲೇಬೇಕು ಎಂಬುದು ನಮ್ಮ ನಿಲುವು. ಇವೆರಡೂ ಒಟ್ಟಿಗೆ ಸಾಧ್ಯವೇ ಎಂದು ಕೇಳುವವರಿಗೆ ಮಂಜಮ್ಮ ಜೋಗತಿಯವರನ್ನು ತೋರಿಸಬಹುದು. ಎಲ್ಲಮ್ಮನ ಕಥೆಯನ್ನು ಹಾಡಿ ಕುಣಿದ ಈ ಮಂಗಳಮುಖಿ ಕಲಾವಿದೆ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷೆಯಾದರು. 2021ರಲ್ಲಿ ಪದ್ಮಶ್ರೀ ಪಡೆದರು. ನಮ್ಮ ಹಳ್ಳಿಗಳಲ್ಲಿಯೂ ಚೌಡಿಕೆ ನುಡಿಸಬಲ್ಲ ಹಿರಿಯರು ಇನ್ನೂ ಕೆಲವರಿದ್ದಾರೆ. ಕನ್ನಡದಲ್ಲಿ ಎತ್ತಿಕೊಂಡ ಹಾಡನ್ನು ಕೇಳುವವರ ಮುಖ ನೋಡಿ ಮರಾಠಿಗೆ ಹೊರಳಿಸಬಲ್ಲರು. ಅವರ ಹಾಡುಗಳನ್ನು ಸಂಘದ ವತಿಯಿಂದ ಬರೆದಿಟ್ಟುಕೊಳ್ಳುವ ಕೆಲಸ ಬರುವ ಭಾರತ ಹುಣ್ಣಿಮೆಯ ಒಳಗೆ ಆರಂಭವಾಗಬೇಕು.