ಎರೆಹೊಲದ ಬಿರುಕು ಮತ್ತು 1826ರ ಇಲಿಗಳು

ಗಳಗನಾಥ ಎಂದ ಕೂಡಲೇ ಓದುಗರಿಗೆ ನೆನಪಾಗುವುದು ಕಾದಂಬರಿಕಾರ ವೆಂಕಟೇಶ ತಿರಕೋ ಕುಲಕರ್ಣಿಯವರು. ಆ ಕಾವ್ಯನಾಮದ ಊರು ಇರುವುದು ಹಾವೇರಿ ತಾಲೂಕಿನಲ್ಲಿ, ವರದೆಯು ತುಂಗಭದ್ರೆಯನ್ನು ಸೇರುವಲ್ಲಿ. ಕಳೆದ ಬೇಸಿಗೆಯ ಕೊನೆಗೆ ನಾನು ಅಲ್ಲಿಗೆ ಹೋದದ್ದು ಚಾಲುಕ್ಯರ ಕಾಲದ ಗಳಗೇಶ್ವರ ಗುಡಿಯನ್ನು ನೋಡಲು. ನೋಡಿ ಬರುವಾಗ ದಾರಿ ಬದಿಯ ಎರೆಹೊಲವೊಂದು ನನ್ನನ್ನು ನಿಲ್ಲಿಸಿತು. ನೆಲ ಬಾಯಿಬಿಟ್ಟಿತ್ತು. ಕುಕ್ಕರುಗಾಲಿನಲ್ಲಿ ಕೂತು ಒಂದು ಬಿರುಕಿನೊಳಗೆ ಕೈ ಇಳಿಸಿದೆ, ಮೊಣಕೈವರೆಗೂ ಹೋಯಿತು.

ಬದುವಿನ ಮೇಲೆ ಕೂತಿದ್ದ ಅಜ್ಜನೊಬ್ಬ ಕೂಗಿದ: "ಕೈ ಹಾಕಬ್ಯಾಡೋ ತಮ್ಮಾ. ಒಳಗ ಇಲಿ ಇರ್ತಾವ. ಇಲಿ ಇದ್ದಲ್ಲಿ ಹಾವು ಬರೂದ."

"ಮಳಿ ಬಂದ್ರ ಇಲಿ ಎಲ್ಲಿಗೆ ಹೋಗ್ತಾವ ಅಜ್ಜಾ?"

"ಎಲ್ಲಿಗೆ ಹೋಗ್ತಾವ! ಜೋರ್ ಮಳಿ ಬಂದ್ರ ಅಲ್ಲೇ ಮುಚ್ಚಿ ಹೋಗ್ತಾವ. ಮಳಿ ಕೈಕೊಟ್ರ ನಮ್ಮ ಬೆಳಿ ತಿಂತಾವ."

ಇದೇ ಮಾತನ್ನು ನಾನು ಹಿಂದೆ ಇಂಗ್ಲಿಷಿನಲ್ಲಿ ಓದಿದ್ದೆ. ಬರೆದವನು ವಾಲ್ಟರ್ ಎಲಿಯಟ್. ಕಿತ್ತೂರಿನ ಕಥೆ ಬಲ್ಲವರಿಗೆ ಈ ಹೆಸರು ಗೊತ್ತಿರುತ್ತದೆ. 1824ರ ಅಕ್ಟೋಬರಿನಲ್ಲಿ ಥ್ಯಾಕರೆ ಸತ್ತಾಗ ಚೆನ್ನಮ್ಮನ ಕಡೆಯವರಿಗೆ ಸೆರೆಸಿಕ್ಕ ಇಬ್ಬರು ಇಂಗ್ಲಿಷ್ ಅಧಿಕಾರಿಗಳಲ್ಲಿ ಒಬ್ಬ ಈತ. ಬಿಡುಗಡೆಯಾದ ಮೇಲೂ 1833ರವರೆಗೆ ಈ ಸೀಮೆಯಲ್ಲೇ ಇದ್ದು ಕನ್ನಡ ಕಲಿತ, ನೂರಾರು ಶಾಸನಗಳನ್ನು ಪ್ರತಿ ಮಾಡಿಸಿದ. ಜೊತೆಗೆ ಇಲ್ಲಿನ ಪ್ರಾಣಿಗಳನ್ನೂ ನೋಡಿದ. ಆಗ 'ದಕ್ಷಿಣ ಮರಾಠಾ ಪ್ರದೇಶ' ಎಂದು ಕರೆಸಿಕೊಳ್ಳುತ್ತಿದ್ದ ನಮ್ಮ ಧಾರವಾಡ ಸೀಮೆಯ ಸಸ್ತನಿಗಳ ಪಟ್ಟಿಯನ್ನು 1839ರಲ್ಲಿ ಮದರಾಸಿನ ನಿಯತಕಾಲಿಕವೊಂದರಲ್ಲಿ ಪ್ರಕಟಿಸಿದ.

ಆ ಪಟ್ಟಿಯಲ್ಲಿ ಮೆತ್ತನೆಯ ತುಪ್ಪಳದ ಒಂದು ಹೊಲದ ಇಲಿ ಇದೆ. ಕೆರೆ ತೋಡುವ ವಡ್ಡರು ಅದನ್ನು 'ಮೆಟ್ಟಡೆ' ಎನ್ನುತ್ತಾರೆಂದು ಆತ ಬರೆದುಕೊಂಡ. ಬೇಸಿಗೆಯಲ್ಲಿ ಅದು ಕಪ್ಪುಮಣ್ಣಿನ ಬಿರುಕುಗಳಲ್ಲಿ ಇರುತ್ತದೆ. ಮುಂಗಾರಿನ ಮೊದಲ ಮಳೆಗೆ ಬಿರುಕುಗಳು ಕುಸಿದು ಮುಚ್ಚಿದಾಗ ಪ್ರತಿವರ್ಷ ಅಪಾರ ಸಂಖ್ಯೆಯಲ್ಲಿ ಸಾಯುತ್ತದೆ. 1826ರಲ್ಲಿ ಆರಂಭದ ಮಳೆ ಸಾಲದಾಯಿತು. ಬಿರುಕು ಮುಚ್ಚಲಿಲ್ಲ, ಇಲಿ ಸಾಯಲಿಲ್ಲ. ಬಿತ್ತಿದ ಬೀಜವನ್ನು ಬಿತ್ತಿದಂತೆಯೇ ತಿಂದವು. ಉಳಿದದ್ದು ಬೆಳೆದು ತೆನೆ ಕಟ್ಟಿದಾಗ ಜೋಳದ ದಂಟು ಹತ್ತಿ ತೆನೆಯನ್ನೇ ಕತ್ತರಿಸಿ ಕೆಡವಿದವು. ಇಡೀ ಹೊಲಗಳು ಹಾಳಾಗಿ ರೈತರು ಕಂದಾಯ ಕಟ್ಟಲಾರದೆ ಹೋದದ್ದನ್ನು ಎಲಿಯಟ್ ಕಣ್ಣಾರೆ ಕಂಡಿದ್ದಾನೆ. ರೈತರು ವಡ್ಡರನ್ನು ಕರೆಸಿದರು. ಇಷ್ಟು ಡಜನ್ ಇಲಿಗೆ ಇಷ್ಟು ಅಳತೆ ಕಾಳು ಎಂದು ಕೂಲಿ. ಅವರು ಸಾವಿರಗಟ್ಟಲೆ ಕೊಂದರು. ಆದರೂ ಇಲಿ ಕಡಿಮೆಯಾದಂತೆ ಕಾಣಲಿಲ್ಲ.

ಸಾವಿರಗಟ್ಟಲೆ ಕೊಂದರೂ ಯಾಕೆ ಕಡಿಮೆಯಾಗಲಿಲ್ಲ? ಹೆಣ್ಣು ಮೆಟ್ಟಡೆ ಒಂದು ಸೂಲಿಗೆ ಆರರಿಂದ ಎಂಟು ಮರಿ ಹಾಕುತ್ತದೆ. ಆರೇ ಎಂದಿಟ್ಟುಕೊಳ್ಳಿ, ಅರ್ಧ ಹೆಣ್ಣು, ಒಂದೂ ಸಾಯುವುದಿಲ್ಲ. ಎರಡು ಇಲಿ ಎಂಟಾಗುತ್ತವೆ. ಎಂಟು 32, ಆಮೇಲೆ 128, 512, ಐದನೆಯ ಸುತ್ತಿಗೆ 2,048. ಹೀಗೆ ಗುಣಿಸುತ್ತ ಹೋಗುವ ಏರಿಕೆಯನ್ನು ಮನುಷ್ಯರ ವಿಷಯದಲ್ಲಿ 1798ರಲ್ಲೇ ಮಾಲ್ಥಸ್ ಹೇಳಿದ್ದ. ಏರಿಕೆಗೆ ಮಿತಿಯೂ ಉಂಟೆಂದು ಬೆಲ್ಜಿಯಂನ ವೆರ್ಹುಲ್ಸ್ಟ್ 1838ರಲ್ಲಿ, ಅಂದರೆ ಎಲಿಯಟ್‌ನ ಪಟ್ಟಿಗೆ ಒಂದು ವರ್ಷ ಮೊದಲು, ಸಮೀಕರಣವಾಗಿ ಬರೆದ. ನೆಲ ಮತ್ತು ಆಹಾರ ಎಷ್ಟನ್ನು ತಾಳಬಲ್ಲವೋ ಅಷ್ಟಕ್ಕೆ ಸಂಖ್ಯೆ ನಿಲ್ಲುತ್ತದೆ. ಆ ಸಮೀಕರಣದಲ್ಲಿ ಇನ್ನೊಂದು ಸಂಗತಿ ಅಡಗಿದೆ. ಏರಿಕೆ ಅತಿ ವೇಗವಾಗಿರುವುದು ಹೊಲ ತುಂಬಿದಾಗಲ್ಲ, ಅರ್ಧ ತುಂಬಿದಾಗ. ತುಂಬಿದ ಹೊಲದಲ್ಲಿ ಅರ್ಧ ಇಲಿ ಕೊಂದರೆ ಉಳಿದರ್ಧಕ್ಕೆ ಕಾಳೂ ಜಾಗವೂ ಹೆಚ್ಚು ಸಿಗುತ್ತವೆ. ವಡ್ಡರ ದುಡಿಮೆಯಲ್ಲಿ ಕೊರತೆ ಇರಲಿಲ್ಲ. ಒಂದು ದೊಡ್ಡ ಮಳೆ ಮಾಡಬೇಕಿದ್ದ ಕೆಲಸವನ್ನು ಅವರಿಗೆ ಒಪ್ಪಿಸಲಾಗಿತ್ತು.

1826ಕ್ಕೆ ಸರಿಯಾಗಿ ನೂರು ವರ್ಷದ ಮೇಲೆ ಇಟಲಿಯ ಗಣಿತಜ್ಞ ವೊಲ್ಟೆರಾ ಈ ಲೆಕ್ಕಕ್ಕೆ ಬೇಟೆಗಾರ ಪ್ರಾಣಿಯನ್ನೂ ಸೇರಿಸಿದ. ಮೊದಲ ಮಹಾಯುದ್ಧದಲ್ಲಿ ಏಡ್ರಿಯಾಟಿಕ್ ಸಮುದ್ರದ ಮೀನುಗಾರಿಕೆ ಇಳಿದಿದ್ದಾಗ ಬಲೆಗೆ ಬಿದ್ದದ್ದರಲ್ಲಿ ಇತರ ಮೀನುಗಳನ್ನು ತಿನ್ನುವ ಮೀನುಗಳ ಪಾಲು ಏರಿತ್ತು. ತಿನ್ನುವವನನ್ನೂ ತಿನ್ನಿಸಿಕೊಳ್ಳುವವನನ್ನೂ ಒಂದೇ ಪ್ರಮಾಣದಲ್ಲಿ ಕೊಂದರೆ ಲಾಭ ತಿನ್ನಿಸಿಕೊಳ್ಳುವವನಿಗೆ ಎಂಬುದು ವೊಲ್ಟೆರಾ ಕೊಟ್ಟ ಉತ್ತರ. ನಮ್ಮ ಹೊಲಕ್ಕೆ ಇದನ್ನು ಹೊಂದಿಸಿ ನೋಡಿ. ಪಾಷಾಣ ತಿಂದ ಇಲಿಯನ್ನು ಗೂಬೆ ತಿನ್ನುತ್ತದೆ. ಕೇರೆಹಾವನ್ನು ಕಂಡಲ್ಲಿ ಬಡಿಯುತ್ತೇವೆ. ಇಲಿ ಮೂರು ತಿಂಗಳಲ್ಲಿ ಚೇತರಿಸಿಕೊಂಡೀತು. ಗೂಬೆಗೆ ವರ್ಷಗಳು ಬೇಕು.

ಇಂಥದೇ ಇನ್ನೊಂದು ಪಾಠ ಗಳಗನಾಥಕ್ಕೆ ದೂರವಲ್ಲದ ರಾಣೆಬೆನ್ನೂರಿನಲ್ಲಿದೆ. 1974ರಲ್ಲಿ ಅಲ್ಲಿ 119 ಚದರ ಕಿ.ಮೀ. ಪ್ರದೇಶ ಕೃಷ್ಣಮೃಗ ಅಭಯಾರಣ್ಯವಾಯಿತು. ಕುರುಚಲು ಮತ್ತು ಹುಲ್ಲಿನ ಆ ಬಯಲಿನಲ್ಲಿ ಅರಣ್ಯ ಇಲಾಖೆ ನೀಲಗಿರಿ ನೆಟ್ಟಿತ್ತು. ಅದರ ಪರಿಣಾಮವನ್ನು ಗಮನಿಸಿ ಬರೆದವರು ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ, ಮುಂದೆ ಬೆಂಗಳೂರಿನ ಬೀದಿಗಳಿಗೆ ಮರ ನೆಡಿಸಿದವರೂ ಅವರೇ. ರಕ್ಷಣೆ, ಮರೆ ಎರಡೂ ಸಿಕ್ಕಿ ಚಿಗರಿಗಳು ಹೆಚ್ಚಿದವು. ಬಯಲನ್ನೇ ನಂಬಿದ್ದ ಎರೆಭೂತ ಹಕ್ಕಿಗೆ ಅದೇ ನೆಡುತೋಪು ಮುಳುವಾಯಿತು. ಚಿಗರಿಯನ್ನು ಅಟ್ಟಿಸಿಕೊಂಡು ಹೋಗುತ್ತಿದ್ದ ಚೀತಾ ದೇಶದಿಂದಲೇ ಹೋಗಿತ್ತು. ತೋಳಗಳು ಒಂದಿಷ್ಟು ಉಳಿದಿವೆ. ಹೆಚ್ಚಿದ ಚಿಗರಿ ಈಗ ಸುತ್ತಲಿನ ಗೋವಿನಜೋಳದ ಹೊಲಕ್ಕೆ ಬರುತ್ತದೆ. ಒಂದು ಪ್ರಾಣಿ ಉಳಿದ ಸಂತೋಷಕ್ಕೆ ನಾವು ನಗರದಲ್ಲಿ ಚಪ್ಪಾಳೆ ತಟ್ಟುತ್ತೇವೆ. ರಾತ್ರಿ ಹೊಲ ಕಾಯುವವನು ಆ ರೈತ.

ಎಲಿಯಟ್‌ನ ಬರಹದಲ್ಲಿ ನನ್ನನ್ನು ಕಾಡುವುದೂ ಇದೇ. ಕಂದಾಯದ ಆಡಳಿತಕ್ಕೆ ಸೇರಿದ ಮನುಷ್ಯ ಇಲಿಯನ್ನು ಇಷ್ಟು ಚೆನ್ನಾಗಿ ನೋಡಿದ. ರೈತ ಕಂದಾಯ ಕಟ್ಟಲಾಗಲಿಲ್ಲವೆಂಬುದನ್ನೂ ಬರೆದ. ಆಮೇಲೆ ಆ ರೈತರು ಏನಾದರೆಂದು ಪ್ರಾಣಿಗಳ ಪಟ್ಟಿ ಹೇಳುವುದಿಲ್ಲ. ವಡ್ಡರ ಹೆಸರುಗಳೂ ಇಲ್ಲ. ಆದರೆ ಅವರಿಟ್ಟ ಹೆಸರು ಉಳಿದಿದೆ. ಆ ಇಲಿಯ ವೈಜ್ಞಾನಿಕ ಹೆಸರು ಇಂದಿಗೂ 'ಮಿಲಾರ್ಡಿಯಾ ಮೆಲ್ಟಾಡಾ'. ಮೆಟ್ಟಡೆ ಲಂಡನ್ನಿಗೆ ಹೋಗಿ ಮೆಲ್ಟಾಡಾ ಆಗಿದೆ, ಅಷ್ಟೇ.

ಹೊರಡುವ ಮುನ್ನ ಅಜ್ಜನನ್ನು ಕೇಳಿದೆ: "ಇಲಿ ಪೂರಾ ಇಲ್ಲದಂಗ ಮಾಡಾಕ ಬರೂದಿಲ್ಲೇನು?"

ಆತ ನಕ್ಕ. "ಪೂರಾ ಯಾಕ? ಗೂಬಿಗೂ ಹೊಟ್ಟಿ ಐತಿ. ನಮಗಿಷ್ಟು ಉಳದ್ರ ಸಾಕು."

ಆ ಜೂನಿನಲ್ಲಿ ಊರಿಗೆ ಮರಳಿದ ಮೇಲೆ ಮಳೆ ಸುದ್ದಿ ಓದುವಾಗೆಲ್ಲ ಆ ಬಿರುಕು ನೆನಪಾಗುತ್ತಿತ್ತು. ಮುಚ್ಚಿತೋ ಇಲ್ಲವೋ.