ರೆಂಟನ್: ವಿಶ್ವವಿಜೇತರೆನಿಸಿಕೊಂಡ ಹಳ್ಳಿ

ಕಾಲ್ಚೆಂಡಾಟದ ಮೊದಲ ವಿಶ್ವಕಪ್ ನಡೆದದ್ದು 1930ರಲ್ಲಿ, ದಕ್ಷಿಣ ಅಮೆರಿಕದ ಉರುಗ್ವೆ ದೇಶದಲ್ಲಿ. ಅದಕ್ಕೂ 42 ವರ್ಷ ಮೊದಲೇ ಸ್ಕಾಟ್ಲೆಂಡಿನ ಒಂದು ಹಳ್ಳಿಯವರು ತಮ್ಮ ಆಟದ ಬಯಲಿನ ಕಟ್ಟಡದ ಮೇಲೆ 'ವಿಶ್ವವಿಜೇತರು' ಎಂಬ ಫಲಕವನ್ನು ತೂಗುಹಾಕಿದ್ದರು. ಆ ಹಳ್ಳಿಯ ಹೆಸರು ರೆಂಟನ್. ಕೇಳಿದವರಿಗೆ ಇದು ಹಳ್ಳಿಗರ ಹುಸಿ ಜಂಬವೆನಿಸಬಹುದು. ಆದರೆ ಆ ಫಲಕದ ಹಿಂದಿನ ಕಥೆಯನ್ನು ತಿಳಿದ ಮೇಲೆ ನಗುವುದು ಕಷ್ಟ.

ಲಾಕ್ ಲೋಮಂಡ್ ಎಂಬ ದೊಡ್ಡ ಸರೋವರದಿಂದ ಹೊರಟ ಲೆವೆನ್ ನದಿ, ಸುಮಾರು ಹತ್ತು ಕಿಲೋಮೀಟರ್ ಹರಿದು ಡಂಬಾರ್ಟನ್ ಪಟ್ಟಣದ ಬಳಿ ಕ್ಲೈಡ್ ನದಿಯನ್ನು ಸೇರುತ್ತದೆ. ಈ ನಡುವಣ ಕಣಿವೆಯಲ್ಲಿ 1782ರಲ್ಲಿ ರೆಂಟನ್ ಹಳ್ಳಿ ಹುಟ್ಟಿತು. ಅಲ್ಲಿನ ಜಮೀನುದಾರರಾದ ಸ್ಮಾಲೆಟ್ ಮನೆತನದವರು ತಮ್ಮ ಸೊಸೆ ಸಿಸಿಲಿಯಾ ರೆಂಟನ್ ಹೆಸರನ್ನೇ ಊರಿಗೆ ಇಟ್ಟರು. ಸ್ಕಾಟಿಷ್ ಕಾದಂಬರಿಕಾರ ಟೋಬಿಯಾಸ್ ಸ್ಮಾಲೆಟ್ ಇದೇ ಮನೆತನಕ್ಕೆ ಸೇರಿದವನು.

ಲೆವೆನ್ ನದಿಯ ಮೃದುವಾದ ತಿಳಿನೀರು ಬಟ್ಟೆಯನ್ನು ಬಿಳುಪು ಮಾಡುವುದಕ್ಕೂ ಬಣ್ಣ ಹಾಕುವುದಕ್ಕೂ ಹೇಳಿ ಮಾಡಿಸಿದಂತಿತ್ತು. ಹಳ್ಳಿಯ ಎರಡು ಪಕ್ಕಗಳಲ್ಲಿ ಡಾಲ್ಕರ್ನ್ ಮತ್ತು ಕಾರ್ಡೇಲ್ ಎಂಬ ದೊಡ್ಡ ಬಣ್ಣದ ಕಾರ್ಖಾನೆಗಳು ಬೆಳೆದವು. ಅಲ್ಲಿ ತಯಾರಾಗುತ್ತಿದ್ದ 'ಟರ್ಕಿ ಕೆಂಪು' ತೊಳೆದಷ್ಟೂ ಮಾಸದ ಬಣ್ಣ. ಮೊದಮೊದಲು ಮಂಜಿಷ್ಠದ ಜಾತಿಯ ಬೇರಿನಿಂದ, ಆಮೇಲೆ ರಾಸಾಯನಿಕದಿಂದ ಅದನ್ನು ಪಡೆಯುತ್ತಿದ್ದರು. ಈ ಕೆಂಪು ನೂಲು ಮತ್ತು ಬಟ್ಟೆ ರಾಶಿರಾಶಿಯಾಗಿ ಹಡಗೇರಿ ಬರುತ್ತಿದ್ದುದು ನಮ್ಮ ದೇಶಕ್ಕೇ. ಇಲ್ಲಿನ ಕೊಳ್ಳುವವರಿಗೆ ಮೆಚ್ಚಿಕೆಯಾಗಲೆಂದು ಆ ಬಟ್ಟೆಯ ಮೇಲೆ ನವಿಲು, ಆನೆಗಳ ಚಿತ್ರಗಳನ್ನೂ ಅಚ್ಚು ಹಾಕುತ್ತಿದ್ದರು. ನವಿಲನ್ನು ಎಂದೂ ಕಾಡಿನಲ್ಲಿ ಕಾಣದ ಕೆಲಸಗಾರರ ಕೈಯಿಂದ ಮೂಡಿದ ನವಿಲು ನಮ್ಮ ಅಜ್ಜಿಯಂದಿರ ಕಾಲದ ಸಂತೆಗಳಿಗೆ ಬಂದಿತ್ತು. ಗಿರಣಿಯ ಸಿಳ್ಳಿಗೆ ಎದ್ದು, ಗಿರಣಿಯ ಸಿಳ್ಳಿಗೆ ಮಲಗುವ ಊರು ಹೇಗಿರುತ್ತದೆಂಬುದನ್ನು ಸೊಲ್ಲಾಪುರದ ಕಡೆಯ ಓದುಗರಿಗೆ ವಿವರಿಸಬೇಕಾದುದಿಲ್ಲ.

ಈ ಕಣಿವೆಯ ಹಳೆಯ ಆಟ ಶಿಂಟಿ; ಬಾಗಿದ ಕೋಲಿನಿಂದ ಚೆಂಡನ್ನು ಹೊಡೆದಾಡುವ ಆಟವದು. 1872ರಲ್ಲಿ ಗ್ಲಾಸ್ಗೋ ನಗರದ ಕ್ವೀನ್ಸ್ ಪಾರ್ಕ್ ತಂಡ ಈ ಕಣಿವೆಗೆ ಬಂದು ಕಾಲ್ಚೆಂಡಾಟವನ್ನು ಆಡಿ ತೋರಿಸಿತು. ಅದೇ ವರ್ಷ ರೆಂಟನ್ ಕ್ಲಬ್ಬೂ, ಪಕ್ಕದ ಊರಿನ ವೇಲ್ ಆಫ್ ಲೆವೆನ್ ಕ್ಲಬ್ಬೂ ಹುಟ್ಟಿಕೊಂಡವು. ಸ್ಕಾಟಿಷ್ ಕಪ್ ಪಂದ್ಯಾವಳಿ ಆರಂಭವಾದ ದಿನವಾದ 1873ರ ಅಕ್ಟೋಬರ್ 18ರಂದು ರೆಂಟನ್ ತಂಡ ಕಿಲ್ಮಾರ್ನಕ್ ತಂಡವನ್ನು 2-0 ಗೋಲುಗಳಿಂದ ಸೋಲಿಸಿತು. 1875ರಲ್ಲಿ ಅಂತಿಮ ಪಂದ್ಯವನ್ನು ತಲುಪಿ, ತಮಗೆ ಆಟ ಕಲಿಸಿದ ಕ್ವೀನ್ಸ್ ಪಾರ್ಕ್ ತಂಡಕ್ಕೇ ಸೋತಿತು.

ಸೋಲಿನ ಆ ಋಣವನ್ನು ಹಳ್ಳಿ ಹತ್ತು ವರ್ಷಗಳಲ್ಲಿ ತೀರಿಸಿಕೊಂಡಿತು. 1885ರಲ್ಲಿ ನೆರೆಯ ವೇಲ್ ಆಫ್ ಲೆವೆನ್ ತಂಡವನ್ನು ಮರುಪಂದ್ಯದಲ್ಲಿ 3-1ರಿಂದ ಮಣಿಸಿ ಕಪ್ಪನ್ನು ಗೆದ್ದಿತು. 1888ರ ಫೆಬ್ರವರಿಯಲ್ಲಿ ಕ್ಯಾಂಬಸ್‌ಲ್ಯಾಂಗ್ ತಂಡದ ಮೇಲೆ 6-1ರ ಭಾರೀ ಗೆಲುವು ಸಾಧಿಸಿ ಎರಡನೆಯ ಬಾರಿಗೆ ಕಪ್ಪನ್ನು ಊರಿಗೆ ತಂದಿತು. ಒಬ್ಬನೇ ಚೆಂಡನ್ನು ಹೊತ್ತು ಓಡುವುದಕ್ಕೆ ಬದಲಾಗಿ, ಒಬ್ಬರಿಂದೊಬ್ಬರಿಗೆ ಚೆಂಡನ್ನು ದಾಟಿಸುತ್ತ ಮುನ್ನುಗ್ಗುವುದು ಅಂದಿನ ಸ್ಕಾಟಿಷ್ ಆಟದ ಹೆಗ್ಗುರುತು. ಆ ಕಲೆಯಲ್ಲಿ ರೆಂಟನ್ನಿನವರು ಪಳಗಿದ್ದರು. ಬಯಲಿನ ನಡುವೆ ನಿಂತು ಆಟದ ಸೂತ್ರ ಹಿಡಿಯುತ್ತಿದ್ದವನು ಜೇಮ್ಸ್ ಕೆಲ್ಲಿ. ಆಟಗಾರರ ಕಸುವಿನ ಗುಟ್ಟು 'ಚಿಕನ್ ಬ್ರೀ' ಎಂಬ ಪಾನೀಯದಲ್ಲಿತ್ತೆಂದು ಊರವರು ಹೇಳುತ್ತಿದ್ದರು. ಹೆಸರು ಕೋಳಿಸಾರಾದರೂ ಅದು ಪೋರ್ಟ್ ದ್ರಾಕ್ಷಾರಸಕ್ಕೆ ಹಸಿಮೊಟ್ಟೆ ಕಲಸಿದ್ದೆಂದು ಪ್ರತೀತಿ.

ಆ ವರ್ಷ ಇಂಗ್ಲೆಂಡಿನ ಕಪ್ಪನ್ನು ಗೆದ್ದದ್ದು ವೆಸ್ಟ್ ಬ್ರಾಮ್‌ವಿಚ್ ಆಲ್ಬಿಯನ್. ಎರಡು ದೇಶಗಳ ವಿಜೇತರು 1888ರ ಮೇ 19ರಂದು ಗ್ಲಾಸ್ಗೋವಿನ ಹ್ಯಾಂಪ್ಡನ್ ಪಾರ್ಕಿನಲ್ಲಿ ಎದುರುಬದುರಾದರು. ಗುಡುಗು ಮಳೆಯ ನಡುವೆ ನಡೆದ ಆ ಪಂದ್ಯವನ್ನು ರೆಂಟನ್ 4-1ರಿಂದ ಗೆದ್ದಿತು. ಕಪ್ಪಿಗಾಗಿ ವ್ಯವಸ್ಥಿತವಾಗಿ ಸೆಣಸುವ ಕ್ಲಬ್ಬುಗಳು ಅಂದು ಬ್ರಿಟನ್ನಿನ ಆಚೆ ತೀರ ಕಡಿಮೆಯಿದ್ದವು. ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡ್‌ಗಳ ವಿಜೇತರಲ್ಲಿ ಗೆದ್ದವರು ಲೋಕಕ್ಕೇ ಗೆದ್ದವರೆಂಬ ಮಾತು ಅತಿಶಯವಾಗಿ ಕೇಳಿಸಿದರೂ, ಅದನ್ನು ಅಲ್ಲಗಳೆಯಬಲ್ಲ ಇನ್ನೊಂದು ತಂಡ ಇರಲಿಲ್ಲ. ಟಾಂಟೀನ್ ಪಾರ್ಕ್ ಎಂಬ ತಮ್ಮ ಬಯಲಿನಲ್ಲಿ ಹಳ್ಳಿಗರು ಫಲಕ ತೂಗುಹಾಕಿದ್ದು ಆಗಲೇ.

ಊರು ಇನ್ನೂ ಸಂಭ್ರಮದಲ್ಲಿದ್ದಾಗಲೇ ನಷ್ಟವೂ ಮೊದಲಾಯಿತು. ಆ ಪಂದ್ಯ ಮುಗಿದು ಒಂಬತ್ತನೆಯ ದಿನಕ್ಕೆ, ಮೇ 28ರಂದು, ಗ್ಲಾಸ್ಗೋವಿನಲ್ಲಿ ಸೆಲ್ಟಿಕ್ ಎಂಬ ಹೊಸ ಕ್ಲಬ್ಬು ತನ್ನ ಮೊದಲ ಪಂದ್ಯವನ್ನಾಡಿತು. ಅದರ ಪರವಾಗಿ ಕಣಕ್ಕಿಳಿದವರಲ್ಲಿ ರೆಂಟನ್ನಿನ ಜೇಮ್ಸ್ ಕೆಲ್ಲಿ ಇದ್ದನು. ಸೆಲ್ಟಿಕ್ ಚರಿತ್ರೆಯ ಮೊಟ್ಟಮೊದಲ ಗೋಲನ್ನು ಹೊಡೆದ ನೀಲ್ ಮೆಕ್ಯಾಲಮ್ ಕೂಡ ರೆಂಟನ್ನಿನಲ್ಲಿ ಹೆಸರಾದವನೇ. ಇಂಗ್ಲೆಂಡಿನಲ್ಲಿ 1885ರಲ್ಲೇ ಆಟಗಾರರಿಗೆ ಸಂಬಳ ಕೊಡುವುದಕ್ಕೆ ಒಪ್ಪಿಗೆ ದೊರೆತಿತ್ತು. ಅಲ್ಲಿನ ಕ್ಲಬ್ಬುಗಳೂ ಕಣಿವೆಯ ಹುಡುಗರನ್ನು ಕರೆದೊಯ್ದವು. ರೆಂಟನ್ನಿನ ಆಂಡ್ರ್ಯೂ ಹ್ಯಾನ್ನಾ ಎವರ್ಟನ್ ತಂಡಕ್ಕೂ, ಆಮೇಲೆ ಲಿವರ್‌ಪೂಲ್ ತಂಡಕ್ಕೂ ನಾಯಕನಾದನು. ಬಣ್ಣದ ಕಾರ್ಖಾನೆಯ ಕೂಲಿಯನ್ನು ಕಂಡ ಯುವಕನಿಗೆ ಕಾಲಿನ ಚಳಕಕ್ಕೆ ಸಂಬಳ ದೊರೆತರೆ ಅವನು ಹೋದದ್ದನ್ನು ತಪ್ಪೆನ್ನಲಾಗದು.

1890ರಲ್ಲಿ ಸ್ಕಾಟಿಷ್ ಲೀಗ್ ಸ್ಥಾಪನೆಯಾದಾಗ ರೆಂಟನ್ ಅದರ ಸ್ಥಾಪಕ ಕ್ಲಬ್ಬುಗಳಲ್ಲಿ ಒಂದಾಗಿತ್ತು. ಸ್ಕಾಟ್ಲೆಂಡಿನಲ್ಲಿ ಸಂಬಳದ ಆಟಕ್ಕೆ ಆಗಿನ್ನೂ ನಿಷೇಧವಿತ್ತು. ಗುಟ್ಟಾಗಿ ಹಣ ಕೊಟ್ಟ ಆರೋಪದ ಮೇಲೆ ಎಡಿನ್‌ಬರೋದ ಸೇಂಟ್ ಬರ್ನಾರ್ಡ್ಸ್ ಕ್ಲಬ್ಬನ್ನು ಅಮಾನತು ಮಾಡಲಾಗಿತ್ತು. ಆ ಕ್ಲಬ್ಬು 'ಎಡಿನ್‌ಬರೋ ಸೇಂಟ್ಸ್' ಎಂದು ಹೆಸರು ಬದಲಿಸಿಕೊಂಡು ರೆಂಟನ್ನಿನೊಡನೆ ಸ್ನೇಹಪಂದ್ಯವಾಡಿತು. ಸಂಘದ ಹಿರಿಯರಿಗೆ ಈ ವೇಷ ತಿಳಿಯದೇ ಹೋಗಲಿಲ್ಲ. ಲೀಗಿನಲ್ಲಿ ಬರೀ ಐದು ಪಂದ್ಯಗಳನ್ನಾಡಿದ್ದ ರೆಂಟನ್ನನ್ನು ಹೊರಹಾಕಿ, ಆ ಪಂದ್ಯಗಳ ಫಲಿತಾಂಶವನ್ನೂ ದಾಖಲೆಯಿಂದ ಅಳಿಸಿದರು. ಮರುವರ್ಷ ಕ್ಲಬ್ಬು ಲೀಗಿಗೆ ಮರಳಿತು. 1893ರಲ್ಲಿ ಅದೇ ಸಂಘ ಸಂಬಳದ ಆಟವನ್ನು ಕಾನೂನುಬದ್ಧಗೊಳಿಸಿತು. ಮೂರು ವರ್ಷಗಳ ಹಿಂದೆ ಯಾವ ಪಿಡುಗನ್ನು ತಡೆಯಲು ಒಂದು ಹಳ್ಳಿಯನ್ನು ದಂಡಿಸಿದ್ದರೋ ಅದುವೇ ಈಗ ನಿಯಮವಾಯಿತು.

ಆದರೆ ಆ ನಿಯಮ ದೊಡ್ಡ ನಗರದ ಕ್ಲಬ್ಬುಗಳಿಗೆ ಒದಗಿತೇ ಹೊರತು ಹಳ್ಳಿಗಲ್ಲ. ಸಂಬಳ ಕೊಡಲು ಟಿಕೆಟ್ಟಿನ ಹಣ ಬೇಕು, ಟಿಕೆಟ್ಟಿನ ಹಣಕ್ಕೆ ಜನಸಂದಣಿ ಬೇಕು. ಕೆಲವೇ ಸಾವಿರ ಜನರ ಊರಿನಲ್ಲಿ ಅದೆಲ್ಲಿಂದ ಬರಬೇಕು? ವೇಲ್ ಆಫ್ ಲೆವೆನ್ ತಂಡ 1891-92ರಲ್ಲಿ ಲೀಗಿನ ಒಂದು ಪಂದ್ಯವನ್ನೂ ಗೆಲ್ಲದೆ ಹೊರನಡೆದಿತ್ತು. ರೆಂಟನ್ 1894ರಲ್ಲಿ ಕೊನೆಯ ಸ್ಥಾನಕ್ಕೆ ಕುಸಿದು ಎರಡನೆಯ ದರ್ಜೆಗೆ ಇಳಿಯಿತು. ಮುಂದಿನ ಋತುವಿನಲ್ಲಿ ಡಂಡೀ ವಾಂಡರರ್ಸ್ ತಂಡದ ವಿರುದ್ಧದ ಲೀಗ್ ಪಂದ್ಯಕ್ಕೆ ಹೋಗದೆ, ಹೆಚ್ಚು ಹಣ ತರುವ ಕ್ವೀನ್ಸ್ ಪಾರ್ಕ್ ಜೊತೆಗಿನ ಸ್ನೇಹಪಂದ್ಯವನ್ನಾಡಿತು. ಅದೇ ಋತುವಿನಲ್ಲಿ, 1895ರ ಏಪ್ರಿಲ್‌ನಲ್ಲಿ, ಹಳೆಯ ಕೆಚ್ಚು ಮತ್ತೊಮ್ಮೆ ಭುಗಿಲೆದ್ದು ತಂಡ ಸ್ಕಾಟಿಷ್ ಕಪ್ಪಿನ ಅಂತಿಮ ಪಂದ್ಯವನ್ನು ಮುಟ್ಟಿತು. ಎದುರಾಳಿ ಯಾರೆಂದರೆ ಸೇಂಟ್ ಬರ್ನಾರ್ಡ್ಸ್! ಯಾರೊಡನೆ ಆಡಿದ್ದಕ್ಕಾಗಿ ಲೀಗಿನಿಂದ ಹೊರಬೀಳಬೇಕಾಗಿತ್ತೋ ಅವರ ಕೈಯಲ್ಲೇ 2-1ರ ಸೋಲು.

1897ರ ಋತುವಿನಲ್ಲಿ ನಾಲ್ಕು ಪಂದ್ಯಗಳನ್ನಾಡಿದ ಮೇಲೆ ರೆಂಟನ್ ಲೀಗನ್ನು ತೊರೆಯಿತು. ಸಣ್ಣ ಪಂದ್ಯಾವಳಿಗಳಲ್ಲಿ ಉಸಿರು ಹಿಡಿದುಕೊಂಡಿದ್ದ ಕ್ಲಬ್ಬು 1922ರಲ್ಲಿ ಕೊನೆಗೊಂಡಿತು. ಟಾಂಟೀನ್ ಪಾರ್ಕಿನ ಬಯಲಿನಲ್ಲಿ ಆಮೇಲೆ ಮನೆಗಳೆದ್ದವು. ಬಣ್ಣದ ಕಾರ್ಖಾನೆಗಳೂ ಮುಚ್ಚಿದವು.

ಆದರೂ ರೆಂಟನ್ ಮರೆಯಾಗಿಲ್ಲ. 1888ರ ಆ ಗೆಲುವಿನ ಪುಟ್ಟ ಕಪ್ಪು ಹ್ಯಾಂಪ್ಡನ್ ಪಾರ್ಕಿನ ಸ್ಕಾಟಿಷ್ ಫುಟ್‌ಬಾಲ್ ವಸ್ತುಸಂಗ್ರಹಾಲಯದಲ್ಲಿದೆ. ರೆಂಟನ್ನಿನ ಹುಡುಗರು ಕಟ್ಟಲು ನೆರವಾದ ಸೆಲ್ಟಿಕ್ ಮತ್ತು ಲಿವರ್‌ಪೂಲ್ ಕ್ಲಬ್ಬುಗಳ ಹೆಸರನ್ನು ಇಂದು ನಮ್ಮ ಮನೆಯ ಮಕ್ಕಳೂ ಬಲ್ಲರು. ಆ ಹೆಸರುಗಳನ್ನು ಅವರ ಬಾಯಲ್ಲಿ ಕೇಳಿದಾಗ, ಅವುಗಳ ಬೇರಿನಲ್ಲಿ ಟರ್ಕಿ ಕೆಂಪಿನ ಒಂದು ಹಳ್ಳಿಯಿದೆ ಎಂಬ ಕಥೆಯನ್ನು ಹಿರಿಯರು ಹೇಳಿಕೊಡಲಿ.