ನೆಲ ಮಾಡಿದವರು ನೀರಿನ ಮೇಲೆ ನಿಂತ ಕಥೆ

ಕೆರೆ ಕಟ್ಟಿಸಿದವರ ಹೆಸರು ಕಲ್ಲಿನ ಮೇಲಿರುತ್ತದೆ. ಕಟ್ಟಿದವರ ಹೆಸರು ಎಲ್ಲಿರುತ್ತದೆ? ಶಾಲೆಯಲ್ಲಿ ನಾವು ಓದಿದ ಚರಿತ್ರೆ ಪುಸ್ತಕಗಳೆಲ್ಲ 'ಕಟ್ಟಿಸಿದನು' ಎಂಬ ಒಂದು ಮಾತಿನ ಮೇಲೆ ನಿಂತಿದ್ದವು. ರಾಜ ಕಟ್ಟಿಸಿದನು, ಮಂತ್ರಿ ಕಟ್ಟಿಸಿದನು, ಗೌಡ ಕಟ್ಟಿಸಿದನು. ಹಂಗಾದರೆ ಕಟ್ಟಿದೋರು ಯಾರಪ್ಪ ಅಂತ ಕೇಳಿದರೆ ಪುಸ್ತಕ ಬಾಯಿ ಬಿಡುತ್ತಿರಲಿಲ್ಲ. ಈ ಒಂದು ಪ್ರಶ್ನೆ ಇಟ್ಟುಕೊಂಡು ನಾವು ಈ ಸಲ ಕೇರಳದ ಕುಟ್ಟನಾಡನ್ನು ನೋಡಬೇಕೆಂದಿದ್ದೇವೆ. ಯಾಕೆಂದರೆ ಅಲ್ಲಿ ನಮ್ಮ ಜನ ಕಟ್ಟಿದ್ದು ನೆಲವನ್ನೇ. ನೀರಿನ ತಳದಿಂದ ಮಣ್ಣೆತ್ತಿ ನೆಲ ಮಾಡಿದರು. ಮಾಡಿದ ಮೇಲೆ ಆ ನೆಲದಲ್ಲಿ ನಿಲ್ಲೋಕೆ ಅವರಿಗೆ ಜಾಗ ಸಿಗಲಿಲ್ಲ.

ಮೊದಲು ಊರು ನೋಡೋಣ. ಆಲಪ್ಪುಳ, ಕೋಟ್ಟಯಂ, ಎರ್ನಾಕುಳಂ ಜಿಲ್ಲೆಗಳಲ್ಲಿ ಚಾಚಿಕೊಂಡಿರುವ ವೆಂಬನಾಡ್ ಕಾಯಲ್ ಭಾರತದ ಅತಿ ಉದ್ದದ ಸರೋವರ. ಕಾಯಲ್ ಅಂದರೆ ಕಡಲಿಗೂ ನೆಲಕ್ಕೂ ನಡುವೆ ನಿಂತ ನೀರು. ಕೊಚ್ಚಿಯ ಅಳಿವೆಯಲ್ಲಿ ಅದು ಕಡಲಿಗೆ ಬಾಯಿ ತೆರೆದಿದೆ. ಪಂಪಾ, ಅಚ್ಚನ್‌ಕೋವಿಲ್, ಮಣಿಮಲ, ಮೀನಚ್ಚಿಲ್ ಎಂಬ ನಾಲ್ಕು ಹೊಳೆಗಳು ಘಟ್ಟದ ಮಣ್ಣು ಹೊತ್ತು ತಂದು ಇಲ್ಲಿ ಇಳಿಸುತ್ತವೆ. ಮಳೆಗಾಲದಲ್ಲಿ ಸಿಹಿನೀರು, ಬೇಸಿಗೆಯಲ್ಲಿ ಉಪ್ಪುನೀರು. ಈ ಕಾಯಲಿನ ದಕ್ಷಿಣದ ತಗ್ಗೇ ಕುಟ್ಟನಾಡು. ಆಲಪ್ಪುಳದಲ್ಲಿ ಬೋಟು ಹತ್ತಿ ಹೊರಟರೆ ಕಣ್ಣು ನಂಬದ ಒಂದು ನೋಟ ಕಾಣುತ್ತದೆ: ಬೋಟು ಮೇಲೆ ಹೋಗುತ್ತಿರುತ್ತದೆ, ಭತ್ತದ ಗದ್ದೆ ಕೆಳಗಿರುತ್ತದೆ. ಸಮುದ್ರ ಮಟ್ಟಕ್ಕಿಂತ ಅರ್ಧ ಮೀಟರಿನಿಂದ ಹಿಡಿದು ಎರಡು ಮೀಟರಿಗೂ ಕೆಳಗೆ ಪೈರು ನಿಂತಿರುತ್ತದೆ. ನಡುವೆ ಇರುವುದು ಒಂದು ಮಣ್ಣಿನ ಒಡ್ಡು ಮಾತ್ರ. ಒಡ್ಡು ಹೋದರೆ ಗದ್ದೆಯೂ ಹೋಯಿತು, ಗುಡಿಸಲೂ ಹೋಯಿತು.

ಈ ಒಡ್ಡು ಹಾಕುವ ಕೆಲಸ ಹೀಗೆ ನಡೆಯುತ್ತಿತ್ತು. ಕಾಯಲಿನ ನೀರಿನಲ್ಲಿ ಎರಡು ಸಾಲು ಮರದ ಗೂಟ ಹೊಡೆಯಬೇಕು. ಗೂಟಗಳ ಒಳಮೈಗೆ ಬಿದಿರಿನ ತಟ್ಟಿ ಕಟ್ಟಬೇಕು. ನಡುವಿನ ಜಾಗಕ್ಕೆ ಮರಳು, ಸೊಪ್ಪುಸದೆ ತುಂಬಬೇಕು. ಅದರ ಮೇಲೆ ಜೇಡಿಮಣ್ಣು. ಆ ಜೇಡಿ ಎಲ್ಲಿಂದ? ಕಾಯಲಿನ ತಳದಿಂದಲೇ. ಆಳುಗಳು ಉಸಿರು ಕಟ್ಟಿ ಮುಳುಗಿ, ತಳದ ಮಣ್ಣಿನ ಹೆಂಟೆ ಕಿತ್ತು ತಂದು ದೋಣಿಗೆ ತುಂಬಬೇಕು. ಒಡ್ಡು ಸುತ್ತು ಬಂದು ಕೂಡಿಕೊಂಡ ಮೇಲೆ ಒಳಗಿನ ನೀರನ್ನು ಹೊರಗೆ ಹಾಕಬೇಕು. ಅದಕ್ಕೆ ಮರದ ಚಕ್ರ. ಚಕ್ರದ ಎಲೆಗಳನ್ನು ಕಾಲಲ್ಲಿ ತುಳಿತಾನೇ ಇರಬೇಕು, ಹಗಲೂ ರಾತ್ರಿ. ನಿದ್ದೆ ಬರಬಾರದು ಅಂತ ಹಾಡು ಹೇಳಿಕೊಂಡು ತುಳಿಯುತ್ತಿದ್ದರು. ಆಮೇಲೆ ಎಂಜಿನ್ನು ಬಂತು, ಕರೆಂಟು ಬಂತು. ಅದಕ್ಕೆ ಮುಂಚೆ ಇದ್ದದ್ದು ಮನುಷ್ಯರ ಕಾಲು. ನೀರು ಬತ್ತಿದ ಮೇಲೆ ನಾಟಿ ಹಾಕಿ, ಕಳೆ ಕಿತ್ತು, ಕುಯ್ಲು ಮಾಡಿದವರು ಹೆಂಗಸರು. ಅವರು ಮೊಣಕಾಲುದ್ದ ಕೆಸರಲ್ಲಿ ಬೆನ್ನು ಬಗ್ಗಿಸಿ ನಿಂತರೆ ಹೊತ್ತು ಮುಳುಗುವ ತನಕ ಎದ್ದು ನಿಲ್ಲುವಂತಿರಲಿಲ್ಲ.

ಯಾರು ಈ ಆಳುಗಳು? ಹೆಚ್ಚಿನವರು ಪುಲಯರು, ಜತೆಗೆ ಪರಯರು. ಪುಲಂ ಅಂದರೆ ಹೊಲ. ಅಲ್ಲಿಯ ಪಕಾರ ನಮ್ಮಲ್ಲಿ ಹಕಾರ ಆಗುತ್ತದೆ. ಅಲ್ಲಿ ಪುಲಯ, ಇಲ್ಲಿ ಹೊಲೆಯ. ಪಂಡಿತರಲ್ಲಿ ಕೆಲವರು ಹೊಲೆ ಅಂದರೆ ಮೈಲಿಗೆ, ಅದರಿಂದ ಈ ಹೆಸರು ಬಂತು ಅಂತಾರೆ. ಇನ್ನು ಕೆಲವರು ಹೊಲದವನು ಹೊಲೆಯ ಅಂತಾರೆ. ವ್ಯಾಕರಣದ ಜಗಳ ವ್ಯಾಕರಣದವರಿಗಿರಲಿ. ಕುಟ್ಟನಾಡಿನಲ್ಲಿ ನೀರನ್ನು ಹೊಲ ಮಾಡಿದವನೇ ಮೈಲಿಗೆಯವನಾದ ಎಂಬುದು ಮಾತ್ರ ಜಗಳವಿಲ್ಲದ ಸಂಗತಿ.

ಅವನು ಕೂಲಿಯವನೂ ಆಗಿರಲಿಲ್ಲ, ಮೊದಲಿಗೆ ಗುಲಾಮನಾಗಿದ್ದ. 1836ರ ತಿರುವಾಂಕೂರು ಜನಗಣತಿಯಲ್ಲಿ ಸುಮಾರು 12 ಲಕ್ಷ 80 ಸಾವಿರ ಜನರಿದ್ದರೆ, ಅದರಲ್ಲಿ 1 ಲಕ್ಷ 64 ಸಾವಿರಕ್ಕೂ ಹೆಚ್ಚು ಮಂದಿ ಗುಲಾಮರು. ಎತ್ತು ಮಾರಿದ ಹಾಗೆ ಮಾರುತ್ತಿದ್ದರು, ಅಡ ಇಡುತ್ತಿದ್ದರು. ಕೊಚ್ಚಿ ಸಂಸ್ಥಾನ 1854ರಲ್ಲಿ, ತಿರುವಾಂಕೂರು 1855ರಲ್ಲಿ ಗುಲಾಮಗಿರಿಯನ್ನು ರದ್ದು ಮಾಡಿದವು. ಕಾಗದದ ಮೇಲೆ ರದ್ದಾಯಿತು. ಕೆಸರಿನಲ್ಲಿ ಏನು ಬದಲಾಯಿತು? ಅದೇ ಯಜಮಾನ, ಅದೇ ಗದ್ದೆ, ಒಡ್ಡಿನ ಮೇಲೆ ಅದೇ ಗುಡಿಸಲು. ಕೂಲಿ ಅಂತ ಕೊಡುತ್ತಿದ್ದದ್ದು ಭತ್ತ. ತಕಳಿ ಶಿವಶಂಕರ ಪಿಳ್ಳೆಯವರು 1948ರಲ್ಲಿ ಕುಟ್ಟನಾಡಿನ ಪುಲಯ ಆಳಿನ ಮೇಲೆ ಬರೆದ ಕಾದಂಬರಿಯ ಹೆಸರು 'ರಂಡಿಡಂಗಳಿ'. ಅಂದರೆ ಎರಡು ಅಳತೆ. ಕಾದಂಬರಿಗೆ ಭತ್ತದ ಅಳತೆಯೇ ಹೆಸರಾಯಿತು.

19ನೇ ಶತಮಾನದ ಕೊನೆಯ ಹೊತ್ತಿಗೆ ಕಾಯಲನ್ನು ದೊಡ್ಡದಾಗಿ ಗದ್ದೆ ಮಾಡುವ ಕೆಲಸ ಜೋರಾಯಿತು. ಕೊಚ್ಚಿ ಬಂದರಿಗೆ ತೊಂದರೆ ಅಂತ ಮದ್ರಾಸ್ ಸರ್ಕಾರ ತಕರಾರು ಮಾಡಿದ್ದರಿಂದ 1903ರಲ್ಲಿ ನಿಂತಿತು, ಕೆಲವು ವರ್ಷಗಳಲ್ಲಿ ಮತ್ತೆ ಶುರುವಾಯಿತು. ಹೊಸ ನೆಲಕ್ಕೆ ಇಂಗ್ಲಿಷ್ ಅಕ್ಷರಗಳ ಹೆಸರಿಟ್ಟರು: ಸಿ ಬ್ಲಾಕು, ಆರ್ ಬ್ಲಾಕು. 1942ರಲ್ಲಿ ಯುದ್ಧದಿಂದಾಗಿ ಬರ್ಮಾದ ಅಕ್ಕಿ ಬರುವುದು ನಿಂತು ತಿರುವಾಂಕೂರು ಹಸಿಯಿತು. ಆಗ ಮುರಿಕ್ಕನ್ ಎಂಬ ದೊಡ್ಡ ಜಮೀನ್ದಾರರು ಕಾಯಲಿನ ಆಳದಿಂದ ಮೂರು ದೊಡ್ಡ ಗದ್ದೆಗಳನ್ನು ಎತ್ತಿಸಿದರು. ಅವಕ್ಕೆ ಚಿತ್ತಿರ, ಮಾರ್ತಾಂಡಂ, ರಾಣಿ ಅಂತ ರಾಜಮನೆತನದವರ ಹೆಸರು. ಎತ್ತಿಸಿದವರಿಗೆ ಕಾಯಲಿನ ರಾಜ ಎಂಬ ಬಿರುದು. ಅವರ ಸಾಹಸವನ್ನು ನಾವು ಸುಳ್ಳು ಅನ್ನುವುದಿಲ್ಲ. ಆದರೆ ಮುಳುಗಿ ಮಣ್ಣು ತಂದವರ ಹೆಸರಲ್ಲಿ ಒಂದು ಬ್ಲಾಕೂ ಇಲ್ಲ ಅನ್ನುವುದನ್ನು ಮರೆಯುವುದೂ ಇಲ್ಲ.

ಒಡ್ಡು ಒಡೆಯುತ್ತಿತ್ತು. ಒಡೆದ ಬಾಯಿಗೆ ಎಷ್ಟು ಮಣ್ಣು ಸುರಿದರೂ ನಿಲ್ಲದಿದ್ದಾಗ ಪುಲಯನೊಬ್ಬನನ್ನು ಅದರೊಳಗೆ ತಳ್ಳಿ ಮಣ್ಣು ಮುಚ್ಚಿದರು ಎಂಬ ಮಾತು ಆ ಕಡೆಯ ದಲಿತರ ಬಾಯಲ್ಲಿ ತಲೆಮಾರುಗಳಿಂದ ಬಂದಿದೆ. ಇದಕ್ಕೆ ಶಾಸನ ಎಲ್ಲಿದೆ, ದಾಖಲೆ ಎಲ್ಲಿದೆ ಅಂತ ಕೇಳುವವರಿದ್ದಾರೆ. ಅಕ್ಷರ ಯಾರ ಕೈಯಲ್ಲಿತ್ತು ಅಂತ ನಾವು ತಿರುಗಿ ಕೇಳುತ್ತೇವೆ. ನಮ್ಮ ಕನ್ನಡದಲ್ಲೂ 'ಕೆರೆಗೆ ಹಾರ' ಇದೆ. ಮಲ್ಲನಗೌಡನ ಕಿರಿಸೊಸೆ ಭಾಗೀರಥಿ ಕೆರೆಗೆ ಬಲಿಯಾದಳು. ಆ ಹೆಣ್ಣಿನ ಸಂಕಟಕ್ಕೆ ಜನ ಹಾಡು ಕಟ್ಟಿದರು, ಅವಳ ಹೆಸರು ಉಳಿಯಿತು. ಕುಟ್ಟನಾಡಿನ ಒಡ್ಡಿನೊಳಗೆ ಹೋದ ಎಂದು ಹೇಳುವ ಆಳಿಗೆ ಹೆಸರೂ ಇಲ್ಲ. ಬಲಿಯಲ್ಲೂ ಮೇಲು ಕೀಳು ಇದೆ, ಗೆಳೆಯರೇ.

ಇನ್ನು ಆ ಜನ ಎದ್ದು ನಿಂತ ಕಥೆ. ಇದೇ ಕಾಯಲು ಕಡಲು ಸೇರುವ ಎರ್ನಾಕುಳಂಗೆ ಬರೋಣ. ಆಗ ಅದು ಕೊಚ್ಚಿ ರಾಜನ ನೆಲ. ಆ ನೆಲದ ಮೇಲೆ ಪುಲಯರು ಸಭೆ ಸೇರುವಂತಿರಲಿಲ್ಲ. ರಸ್ತೆಯಲ್ಲಿ ನಡೆಯೋಕೇ ಬಿಡದ ಮೇಲೆ ಸಭೆ ಎಲ್ಲಿಯದು? 1913ರಲ್ಲಿ ಅವರು ಒಂದು ಉಪಾಯ ಮಾಡಿದರು. ನೆಲ ರಾಜನದಾದರೆ ಇರಲಿ, ನೀರು ಯಾರದು? ದೋಣಿಗಳನ್ನು ಕಾಯಲಿಗೆ ತಂದು ಒಂದಕ್ಕೊಂದು ಬಿಗಿದು ಕಟ್ಟಿದರು, ಮೇಲೆ ಹಲಗೆ ಹಾಸಿದರು, ಅದರ ಮೇಲೆ ಸಭೆ ಮಾಡಿದರು. ಕೃಷ್ಣಾದಿ ಎಂಬ ಪುಲಯ ಮುಖಂಡರಿದ್ದರು. ಮೀನುಗಾರ ಜಾತಿಯಲ್ಲಿ ಹುಟ್ಟಿ ಜಾತಿಯ ವಿರುದ್ಧ ಕವಿತೆ ಬರೆದ ಪಂಡಿತ ಕರುಪ್ಪನ್ ಜತೆಗಿದ್ದರು. ಚರಿತ್ರೆಯಲ್ಲಿ ಇದನ್ನು ಕಾಯಲ್ ಸಮ್ಮೇಳನ ಅನ್ನುತ್ತಾರೆ. ಅದಕ್ಕೆ ಹಿಂದಿನ ವರ್ಷ, 1912ರಲ್ಲಿ, ಆ ಕಾಯಲಿನ ಮುಳವುಕಾಡ್ ದ್ವೀಪದ ಪುಲಯರ ಮನೆಯಲ್ಲಿ ಹುಟ್ಟಿದ ಹೆಣ್ಣುಮಗಳು ದಾಕ್ಷಾಯಿಣಿ ವೇಲಾಯುಧನ್. ಓದಿ ಪದವಿ ಪಡೆದರು, ಭಾರತದ ಸಂವಿಧಾನ ಸಭೆಯಲ್ಲಿ ಕೂತ ಒಬ್ಬಳೇ ದಲಿತ ಮಹಿಳೆಯಾದರು. ಹಲಗೆಯ ಮೇಲಿನ ಸಭೆಯಿಂದ ಸಂವಿಧಾನ ಸಭೆಗೆ ಒಂದೇ ತಲೆಮಾರಿನ ದಾರಿ. ಆ ದಾರಿಯನ್ನು ಯಾರೂ ದಾನ ಕೊಡಲಿಲ್ಲ.

ದಕ್ಷಿಣ ತಿರುವಾಂಕೂರಿನಲ್ಲಿ ಅಯ್ಯಂಕಾಳಿ ಇದ್ದರು. 1863ರಲ್ಲಿ ಹುಟ್ಟಿದವರು, ಓದು ಬಾರದವರು. 1893ರಲ್ಲಿ ಎತ್ತಿನ ಗಾಡಿ ಹತ್ತಿ ಮೇಲ್ಜಾತಿಯವರ ರಸ್ತೆಯಲ್ಲಿ ಹೋದರು. 1907ರಲ್ಲಿ ಸಾಧುಜನ ಪರಿಪಾಲನ ಸಂಘ ಕಟ್ಟಿದರು. ನಮ್ಮ ಮಕ್ಕಳನ್ನು ಶಾಲೆಗೆ ಸೇರಿಸದಿದ್ದರೆ ನಿಮ್ಮ ಗದ್ದೆಗೆ ಇಳಿಯೋದಿಲ್ಲ ಅಂತ ಪುಲಯರು ಅವರ ಹಿಂದೆ ನಿಂತು ಕೆಲಸ ನಿಲ್ಲಿಸಿದರು. ಗದ್ದೆಯಲ್ಲಿ ಕಳೆ ಬೆಳೆಯಿತು. ಕೂಲಿ ಜಾಸ್ತಿ ಮಾಡಿ ಅಂತ ಕೇಳುವ ಮುಂಚೆ ಅಕ್ಷರ ಕೊಡಿ ಅಂತ ಕೇಳಿದ ಮುಷ್ಕರ ಅದು. ಹಳ್ಳಿ ಶಾಲೆಯ ಮೇಷ್ಟ್ರುಗಳು ಇದನ್ನು ಮಕ್ಕಳಿಗೆ ಹೇಳಬೇಕು. ಇತ್ತ ತಿರುವಲ್ಲದ ಕಡೆ ಪೊಯ್ಕಯಿಲ್ ಅಪ್ಪಚ್ಚನ್ ಪ್ರತ್ಯಕ್ಷ ರಕ್ಷಾ ದೈವಸಭೆ ಕಟ್ಟಿ ಗುಲಾಮಗಿರಿಯ ನೆನಪುಗಳನ್ನೇ ಹಾಡಾಗಿ ಹಾಡಿದರು. ಪುಸ್ತಕ ಬರೆಯದಿದ್ದ ಚರಿತ್ರೆಯನ್ನು ಹಾಡು ಹೊತ್ತುಕೊಂಡಿತು.

ಆಮೇಲೆ ಕುಟ್ಟನಾಡಿನಲ್ಲಿ ಕೆಂಬಾವುಟ ಬಂತು, ಕೂಲಿಕಾರರ ಸಂಘ ಬಂತು. ಕೆಲಸದ ಹೊತ್ತಿಗೆ ಮಿತಿ, ಕೂಲಿಗೆ ಲೆಕ್ಕ ಬಂತು. ಇದು ಸಣ್ಣ ಗೆಲುವಲ್ಲ. 1970ರ ಜನವರಿ 1ರಿಂದ ಕೇರಳದ ಭೂಸುಧಾರಣೆ ಜಾರಿಯಾಯಿತು. ದೇಶವೆಲ್ಲ ಹೊಗಳಿತು. ಆದರೆ ಉಳುವವನು ಅಂದರೆ ಯಾರು? ಕಾನೂನಿನ ಕಣ್ಣಲ್ಲಿ ಗೇಣಿದಾರ. ಪುಲಯ ಗೇಣಿದಾರನಾಗಿರಲಿಲ್ಲ, ಅವನು ಬರೀ ಆಳು. ಗೇಣಿದಾರನಿಗೆ ಗದ್ದೆ ಸಿಕ್ಕಿತು. ಆಳಿಗೆ ಸಿಕ್ಕಿದ್ದು ಗುಡಿಸಲಿನ ಸುತ್ತ, ಪಂಚಾಯಿತಿ ಊರಾದರೆ, ಹತ್ತು ಸೆಂಟು. ಆ ಮೂರು ಕಾಯಲು ಗದ್ದೆಗಳನ್ನು 1970ರ ದಶಕದಲ್ಲಿ ಸರ್ಕಾರ ವಶಕ್ಕೆ ತೆಗೆದುಕೊಂಡು ಕೂಲಿಕಾರರಿಗೆ ತುಂಡು ಮಾಡಿ ಹಂಚಿತು. ಒಳ್ಳೆಯದೇ. ಆದರೆ ಕಾಯಲಿನ ಗದ್ದೆಯಲ್ಲಿ ಒಬ್ಬನ ತುಂಡು ಅಂತ ಇರೋದಿಲ್ಲ. ಒಡ್ಡು ಎಲ್ಲರದು, ನೀರೆತ್ತುವ ಪಂಪು ಎಲ್ಲರದು. ಬಂಡವಾಳವಿಲ್ಲದವನ ಕೈಗೆ ನೀರಿನೊಳಗಿನ ತುಂಡು ಭೂಮಿ ಕೊಟ್ಟರೆ ಅವನೇನು ಮಾಡಬೇಕು? ಗದ್ದೆಗಳು ವರ್ಷಗಟ್ಟಲೆ ಪಾಳು ಬಿದ್ದವು. ಆಗ ನೋಡಿದಿರಾ, ಇವರಿಗೆ ಭೂಮಿ ಕೊಟ್ಟರೆ ಹಿಂಗೇ ಅಂತ ಉಳ್ಳವರು ನಕ್ಕರು.

ಉಪ್ಪುನೀರು ತಡೆಯೋಕೆ ಅಂತ 1970ರ ದಶಕದಲ್ಲಿ ತಣ್ಣೀರ್‌ಮುಕ್ಕಂನಲ್ಲಿ ಕಾಯಲಿಗೆ ಅಡ್ಡ ಕಟ್ಟೆ ಹಾಕಿದರು. ಬೇಸಿಗೆಯಲ್ಲಿ ಬಾಗಿಲು ಹಾಕಿದರೆ ಉಪ್ಪು ಒಳಗೆ ಬರುವುದಿಲ್ಲ, ಮೀನೂ ಬರುವುದಿಲ್ಲ, ಕೊಳಕೂ ಹೊರಗೆ ಹೋಗುವುದಿಲ್ಲ. ಭತ್ತಕ್ಕೆ ಅನುಕೂಲವಾದದ್ದು ಮೀನು ಹಿಡಿಯುವ ಬಡವನಿಗೆ ಪೆಟ್ಟಾಯಿತು. ಒಬ್ಬ ಬಡವನ ಅನ್ನಕ್ಕೂ ಇನ್ನೊಬ್ಬ ಬಡವನ ಸಾರಿಗೂ ಜಗಳ ಹಚ್ಚಿದ ಹಾಗೆ. 2002ರಲ್ಲಿ ವೆಂಬನಾಡ್ ಜೌಗುಪ್ರದೇಶ ರಾಮ್ಸಾರ್ ಪಟ್ಟಿಗೆ ಸೇರಿತು. 2013ರಲ್ಲಿ ಕುಟ್ಟನಾಡಿನ ಬೇಸಾಯವನ್ನು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಜಗತ್ತಿನ ಪಾರಂಪರಿಕ ಸಂಪತ್ತು ಅಂತ ಮಾನ್ಯ ಮಾಡಿತು. ಭತ್ತ ಸಾಗಿಸುತ್ತಿದ್ದ ಕೆಟ್ಟುವಳ್ಳಂ ದೋಣಿಗಳು ಈಗ ಪ್ರವಾಸಿಗಳ ತೇಲುವ ಮನೆಗಳು. ಅಲ್ಲಿ ಕೂತು ಹಸಿರು ನೋಡಿ ಆಹಾ ಅನ್ನುವವರಿಗೆ ಒಡ್ಡಿನ ಮೇಲಿನ ಮನೆ ಕಾಣುತ್ತದೋ ಇಲ್ಲವೋ. 2018ರ ಆಗಸ್ಟಿನ ಮಹಾಪೂರದಲ್ಲಿ ಕುಟ್ಟನಾಡಿನ ಜನ ಊರು ಬಿಟ್ಟು ಪರಿಹಾರ ಶಿಬಿರಗಳಿಗೆ ಹೋಗಬೇಕಾಯಿತು. ನೀರು ಜಾತಿ ನೋಡಿ ಬರುವುದಿಲ್ಲ, ನಿಜ. ಆದರೆ ತಗ್ಗಿನಲ್ಲಿ ಯಾರನ್ನು ಕೂರಿಸಿದ್ದೇವೆ ಎನ್ನುವುದನ್ನು ಜಾತಿಯೇ ನಿರ್ಧರಿಸಿದೆ.

ನಮ್ಮ ಕೆರೆಗಳ ಚರಿತ್ರೆಯನ್ನೂ ಹೀಗೆ ಕೆಳಗಿನಿಂದ ನೋಡಬೇಕಾಗಿದೆ. ಏರಿ ಕಾಯುತ್ತಾ, ತೂಬು ಎತ್ತಿ ಊರಿನ ಗದ್ದೆಗೆಲ್ಲ ನೀರು ಹಂಚಿದ ನೀರಗಂಟಿ ಎಷ್ಟೋ ಊರುಗಳಲ್ಲಿ ಹೊಲಗೇರಿಯವನು. ಊರಿಗೆಲ್ಲ ನೀರು ಬಿಟ್ಟವನಿಗೆ ಊರ ಬಾವಿಯಲ್ಲಿ ನೀರಿರಲಿಲ್ಲ. ಇದನ್ನು ಯಾವ ಶಾಸನವೂ ಹೇಳುವುದಿಲ್ಲ, ಕೇರಿಯ ಮುದುಕರು ಹೇಳುತ್ತಾರೆ. ವಿದ್ಯಾರ್ಥಿ ಗೆಳೆಯರು ಮತ್ತು ಹಳ್ಳಿಯ ಮೇಷ್ಟ್ರುಗಳು ಒಂದು ನೋಟುಬುಕ್ಕು ಹಿಡಿದು ಕೂತು ಕೇಳಬೇಕು: ಅಜ್ಜ, ಈ ಏರಿಗೆ ಮಣ್ಣು ಹೊತ್ತೋರು ಯಾರು? ಏರಿ ಒಡೆದಾಗ ರಾತ್ರಿ ಓಡಿದೋರು ಯಾರು? ಅವರಿಗೆ ಎಷ್ಟು ನೆಲ ಬಂತು? ಹೆಸರು ಹೇಳಿದರೆ ಹೆಸರು ಬರೆದುಕೊಳ್ಳಿ. ಅಜ್ಜಿಯರನ್ನು ಬಿಡಬೇಡಿ, ಅವರಿಗೆ ಹೆಚ್ಚು ನೆನಪಿರುತ್ತದೆ.